ಎದೆಯುರಿಯ ಮದ್ದೂ ವಿಮೆಯ ಮೆಟ್ಟಿಲೂ



ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಬೇಕು, ಕಾಫಿಯ ಕಾಂಡಕೊರಕ ಹುಳುವಿಗೆ ಏನು ಉಪಾಯ ಎಂಬಂಥ ವಿಷಯಗಳನ್ನು ನಾವು ಈ ಪತ್ರಿಕೆಯಲ್ಲಿ ಬರೆಯುತ್ತ ಬಂದಿದ್ದೇವೆ. ಈ ಸಂಚಿಕೆಯಲ್ಲಿ ತೋಟದ ವಿಚಾರವನ್ನು ಸ್ವಲ್ಪ ಬದಿಗಿಟ್ಟು, ತೋಟ ಮಾಡುವವನ ಹೊಟ್ಟೆಯ ವಿಚಾರವನ್ನು ಎತ್ತಿಕೊಂಡಿದ್ದೇವೆ. ಇದಕ್ಕೆ ಕಾರಣವಿದೆ.

ಈಚೆಗೆ ಇಬ್ಬರು ಸದಸ್ಯರು ಸಂಘದ ಕಚೇರಿಗೆ ಬಂದು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆ ಕೇಳಿದರು. ಪಿರಿಯಾಪಟ್ಟಣದ ಕಡೆಯ ಒಬ್ಬರ ಮಗಳು ಅಮೆರಿಕದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಆಕೆಗೆ ಎದೆಯುರಿ. ವೈದ್ಯರು ಹೊಸದೊಂದು ಗುಳಿಗೆಯನ್ನು ಬರೆದುಕೊಟ್ಟರೆ, ಅಲ್ಲಿನ ವಿಮಾ ಕಂಪನಿ "ಮೊದಲು ಅಗ್ಗದ ಗುಳಿಗೆಯನ್ನು ಕೆಲವು ವಾರ ನುಂಗಿ ನೋಡಿ, ಅದರಿಂದ ಗುಣವಾಗದಿದ್ದರೆ ಆಮೇಲೆ ಇದಕ್ಕೆ ಹಣ ಕೊಡುತ್ತೇವೆ" ಎಂದಿತಂತೆ. "ವೈದ್ಯರು ಬರೆದದ್ದನ್ನು ಬೇಡವೆನ್ನಲು ಇವರು ಯಾರು ಸ್ವಾಮಿ?" ಎಂಬುದು ತಂದೆಯ ಪ್ರಶ್ನೆ. ಹುಣಸೂರಿನ ಕಡೆಯ ಇನ್ನೊಬ್ಬರು ಹೊಟ್ಟೆಯುರಿಗೆಂದು ಮೈಸೂರಿನಲ್ಲಿ ಒಂದು ದಿನ ಆಸ್ಪತ್ರೆಗೆ ಸೇರಿ ಎಂಡೋಸ್ಕೋಪಿ ಮಾಡಿಸಿಕೊಂಡರು. ಮಗ ಕಟ್ಟುತ್ತಿದ್ದ ಖಾಸಗಿ ವಿಮೆಯಿಂದ ಆ ಹಣ ಬರಲಿಲ್ಲ. "ಕಂತು ಕಟ್ಟಿಸಿಕೊಳ್ಳುವಾಗ ಇಲ್ಲದ ನಿಯಮ ಈಗ ಎಲ್ಲಿಂದ ಬಂತು?" ಎಂದು ಇವರು ಕೇಳಿದರು.

ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವಾಗ, ಇವರಿಬ್ಬರಿಗೆ ಮಾತ್ರವಲ್ಲದೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಮ್ಮ ಎಲ್ಲ ಸದಸ್ಯರಿಗೂ ಉಪಯೋಗವಾಗುವ ಕೆಲವು ಸಂಗತಿಗಳಿವೆ ಎಂದು ನಮಗೆ ತೋರಿತು. ಅವನ್ನು ಒಂದೊಂದಾಗಿ ವಿವರಿಸುತ್ತೇವೆ.

ಎದೆಯುರಿ ಎಂದರೇನು?

ನಮ್ಮಲ್ಲಿ "ಗ್ಯಾಸ್ಟ್ರಿಕ್" ಎಂಬ ಒಂದು ಮಾತಿನಲ್ಲಿ ಹತ್ತು ಕಾಯಿಲೆಗಳನ್ನು ಸೇರಿಸಿ ಹೇಳುವ ರೂಢಿಯಿದೆ. ಹುಳಿತೇಗು, ಹೊಟ್ಟೆಯುಬ್ಬರ, ಹೊಟ್ಟೆನೋವು, ಎದೆಯುರಿ ಎಲ್ಲವೂ ಗ್ಯಾಸ್ಟ್ರಿಕ್ಕೇ. ಆದರೆ ಇವೆಲ್ಲ ಒಂದೇ ಅಲ್ಲ.

ಗಂಟಲಿನಿಂದ ಹೊಟ್ಟೆಗೆ ಹೋಗುವ ಅನ್ನನಾಳದ ತುದಿಯಲ್ಲಿ ಒಂದು ಮಾಂಸದ ಬಳೆಯಿದೆ. ಕೆರೆಯ ತೂಬಿನ ಬಾಗಿಲಿನಂತೆ ಇದು ಕೆಲಸ ಮಾಡುತ್ತದೆ. ಅನ್ನ ಬಂದಾಗ ತೆರೆದು, ಒಳಗೆ ಹೋದ ಮೇಲೆ ಮುಚ್ಚಿಕೊಳ್ಳಬೇಕು. ಹೊಟ್ಟೆಯೊಳಗೆ ಅನ್ನ ಕರಗಿಸಲು ಬಲವಾದ ಆಮ್ಲ ಇರುತ್ತದೆ. ಹೊಟ್ಟೆಯ ಒಳಗೋಡೆಗೆ ಅದನ್ನು ತಡೆಯುವ ಲೇಪವಿದೆ, ಅನ್ನನಾಳಕ್ಕೆ ಅಂಥ ಲೇಪವಿಲ್ಲ. ತೂಬಿನ ಬಾಗಿಲು ಸಡಿಲವಾಗಿ ಆಮ್ಲ ಮೇಲಕ್ಕೆ ನುಗ್ಗಿದರೆ ಎದೆಯ ನಡುವೆ ಉರಿ, ಬಾಯಿಗೆ ಹುಳಿನೀರು. ಇದೇ ಎದೆಯುರಿ.

ಹೊಟ್ಟೆಯ ಹುಣ್ಣು ಬೇರೆಯ ಕಾಯಿಲೆ. ಅದು ಖಾರದಿಂದಲೂ ಚಿಂತೆಯಿಂದಲೂ ಬರುತ್ತದೆಂದು ಹಿಂದೆ ನಂಬಿದ್ದರು. ಬಹುಪಾಲು ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವೂ, ನೋವಿನ ಗುಳಿಗೆಗಳೂ ಕಾರಣವೆಂಬುದು ಆಮೇಲೆ ತಿಳಿಯಿತು. ಆ ರೋಗಾಣುವನ್ನು ಕಂಡುಹಿಡಿದ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಈ ರೋಗಾಣುವಿದ್ದರೆ ಸುಮಾರು ಎರಡು ವಾರದ ಜೀವನಿರೋಧಕ ಔಷಧಿಯಿಂದ ಅದನ್ನು ನಿರ್ಮೂಲ ಮಾಡಬಹುದು. ಅಂಥವರು ಪರೀಕ್ಷೆಯನ್ನೇ ಮಾಡಿಸದೆ ವರ್ಷಗಟ್ಟಲೆ ಆಮ್ಲದ ಗುಳಿಗೆ ನುಂಗಿದರೆ ಬೇರನ್ನು ಬಿಟ್ಟು ಎಲೆಗೆ ಮದ್ದು ಹೊಡೆದಂತೆ.

ಮದ್ದಿನ ಮೆಟ್ಟಿಲುಗಳು

ಎದೆಯುರಿಯ ಮದ್ದುಗಳಲ್ಲಿ ಸುಮಾರಾಗಿ ನಾಲ್ಕು ಮೆಟ್ಟಿಲುಗಳಿವೆ.

ಮೊದಲನೆಯದು, ಆಮ್ಲವನ್ನು ಕೂಡಲೇ ಮುರಿಯುವ ಬಿಳಿಯ ದ್ರವ ಹಾಗೂ ಅಗಿಯುವ ಗುಳಿಗೆಗಳು. ಅಲ್ಯುಮಿನಿಯಂ, ಮೆಗ್ನೀಸಿಯಂ, ಸುಣ್ಣದ ಲವಣಗಳು ಇವುಗಳಲ್ಲಿರುತ್ತವೆ. ಕೆಲವೇ ನಿಮಿಷಗಳಲ್ಲಿ ಉರಿ ತಗ್ಗುತ್ತದೆ, ಆದರೆ ಒಂದೆರಡು ಗಂಟೆಯಲ್ಲಿ ಗುಣ ಮುಗಿಯುತ್ತದೆ. ಅಪರೂಪಕ್ಕೆ ಬರುವ ಉರಿಗೆ ಇವು ಸಾಕು. ಬೇರೆ ಕಾಯಿಲೆಯ ಗುಳಿಗೆಗಳೊಡನೆ ಒಟ್ಟಿಗೆ ತೆಗೆದುಕೊಂಡರೆ ಆ ಗುಳಿಗೆಗಳ ಗುಣವನ್ನು ಕುಂದಿಸಬಹುದಾದುದರಿಂದ, ನಡುವೆ ಎರಡು ಗಂಟೆಯಾದರೂ ಬಿಡುವು ಇರಬೇಕು.

ಎರಡನೆಯದು, ಆಮ್ಲ ಹುಟ್ಟುವುದನ್ನು ಸ್ವಲ್ಪಮಟ್ಟಿಗೆ ತಗ್ಗಿಸುವ ಮದ್ದುಗಳು. ಇವುಗಳಲ್ಲಿ ಮೊದಲು ಬಂದದ್ದು 1976ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಸಿಮೆಟಿಡಿನ್. ಅದನ್ನು ರೂಪಿಸುವಲ್ಲಿ ಮುಂದಾಳಾಗಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆಮೇಲೆ ಬಂದ ರಾನಿಟಿಡಿನ್ ಗುಳಿಗೆ ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಿತ್ತು. ಅದರಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಷವೊಂದು ಇರುವುದು 2019ರಲ್ಲಿ ಕಂಡುಬಂದು, 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಹೇಳಿತು. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಅದನ್ನು ಕೈಬಿಡಲಾಯಿತು. ಈ ಗುಂಪಿನಲ್ಲಿ ಈಗ ಫ್ಯಾಮೋಟಿಡಿನ್ ಬಳಕೆಯಲ್ಲಿದೆ. ಹಳೆಯ ಚೀಟಿಯನ್ನೇ ತೋರಿಸಿ ರಾನಿಟಿಡಿನ್ ಕೊಳ್ಳುತ್ತಿರುವ ಸದಸ್ಯರು ಒಮ್ಮೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಮೂರನೆಯದು, ಆಮ್ಲವನ್ನು ಹೊರಹಾಕುವ ಪಂಪನ್ನೇ ನಿಲ್ಲಿಸುವ ಮದ್ದುಗಳು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಇತ್ಯಾದಿ. ಇವುಗಳಲ್ಲಿ ಮೊದಲನೆಯದಾದ ಒಮೆಪ್ರಜೋಲ್ ಸ್ವೀಡನ್ ದೇಶದಲ್ಲಿ ರೂಪುಗೊಂಡು 1988ರಲ್ಲಿ ಮಾರಾಟಕ್ಕೆ ಬಂತು. ಅನ್ನನಾಳದಲ್ಲಿ ಆದ ಗಾಯವನ್ನು ಮಾಯಿಸುವಲ್ಲಿ ಇವು ಎರಡನೆಯ ಮೆಟ್ಟಿಲಿನ ಮದ್ದಿಗಿಂತ ಬಹಳ ಮೇಲು.

ನಾಲ್ಕನೆಯದು, ಅದೇ ಪಂಪನ್ನು ಬೇರೊಂದು ರೀತಿಯಲ್ಲಿ ಬೇಗ ತಡೆಯುವ ವೊನೊಪ್ರಜಾನ್ ಎಂಬ ಹೊಸ ಮದ್ದು. ಜಪಾನಿನಲ್ಲಿ 2015ರಿಂದ ಬಳಕೆಯಲ್ಲಿರುವ ಇದಕ್ಕೆ ಅಮೆರಿಕದಲ್ಲಿ ಅನ್ನನಾಳದ ಗಾಯ ಮಾಯಿಸಲು 2023ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಈಗ ನಮ್ಮ ದೇಶದಲ್ಲಿಯೂ ದೊರೆಯುತ್ತದೆ.

ಮೂರನೆಯ ಮೆಟ್ಟಿಲಿನ ಮದ್ದಿನ ಬಗ್ಗೆ ಇನ್ನೆರಡು ಮಾತು ಹೇಳಬೇಕು, ಏಕೆಂದರೆ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ನುಂಗುವುದು ಇದನ್ನೇ. ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವುದಕ್ಕೆ ಮೊದಲು ಹೊಡೆಯಬೇಕೇ ಹೊರತು ಮಳೆ ಸುರಿಯುವಾಗ ಹೊಡೆದರೆ ಪ್ರಯೋಜನವಿಲ್ಲವಷ್ಟೆ. ಈ ಗುಳಿಗೆಯೂ ಹಾಗೆಯೇ. ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಬರಿಹೊಟ್ಟೆಯಲ್ಲಿ ನುಂಗಬೇಕು. ಊಟವಾದ ಮೇಲೆ ಉರಿ ಬಂದಾಗ ನುಂಗಿ "ಈ ಗುಳಿಗೆ ಹಿಡಿಯಲಿಲ್ಲ" ಎನ್ನುವವರು ಬಹಳ ಮಂದಿ. ಮದ್ದು ಹಿಡಿಯಲಿಲ್ಲವೆಂದು ಮೇಲಿನ ಮೆಟ್ಟಿಲಿಗೆ ಹೋಗುವ ಮುನ್ನ, ಅದನ್ನು ಸರಿಯಾದ ಹೊತ್ತಿಗೆ ತೆಗೆದುಕೊಂಡೆವೇ ಎಂದು ನೋಡಿಕೊಳ್ಳಬೇಕು. ಎರಡನೆಯದಾಗಿ, ಇದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ಮದ್ದು. ವೈದ್ಯರು ಹೇಳದೆ ವರ್ಷಗಟ್ಟಲೆ ಮುಂದುವರಿಸಬಾರದು. ದೀರ್ಘಕಾಲ ನುಂಗಿದವರಲ್ಲಿ ಬಿ-12 ಜೀವಸತ್ವವೂ ಮೆಗ್ನೀಸಿಯಂ ಅಂಶವೂ ಕಡಿಮೆಯಾಗುವುದುಂಟು. ಮೂತ್ರಪಿಂಡಕ್ಕೆ ಅಪರೂಪವಾಗಿ ತೊಂದರೆಯಾಗುವುದುಂಟು. ಆದರೆ ವೈದ್ಯರೇ ದೀರ್ಘಕಾಲಕ್ಕೆ ಬರೆದುಕೊಟ್ಟಿದ್ದರೆ ಹೆದರಿ ತಾವಾಗಿ ನಿಲ್ಲಿಸಬಾರದು. ದಿಢೀರನೆ ನಿಲ್ಲಿಸಿದರೆ ಕೆಲವು ದಿನ ಆಮ್ಲ ಹಿಂದಿಗಿಂತ ಹೆಚ್ಚು ಉಕ್ಕುವುದೂ ಉಂಟು. ಕೇಳಿಕೊಂಡು ನಿಧಾನವಾಗಿ ಇಳಿಸಬೇಕು.

ಅಮೆರಿಕದ ನಿಯಮ

ಈಗ ಮೊದಲನೆಯ ಸದಸ್ಯರ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ವಿಮೆಯು ಆಸ್ಪತ್ರೆಯ ಖರ್ಚಿನ ಜೊತೆಗೆ ಮನೆಯಲ್ಲಿ ನುಂಗುವ ಗುಳಿಗೆಗೂ ಹಣ ಕೊಡುತ್ತದೆ. ಆದುದರಿಂದ ಯಾವ ಗುಳಿಗೆಗೆ ಯಾವಾಗ ಹಣ ಕೊಡಬೇಕೆಂದು ಕಂಪನಿಗಳು ಪಟ್ಟಿ ಮಾಡಿಕೊಂಡಿವೆ. ಅಗ್ಗದ ಮದ್ದು ಕೆಳಗಿನ ಮೆಟ್ಟಿಲು, ದುಬಾರಿಯದು ಮೇಲಿನ ಮೆಟ್ಟಿಲು. ಕೆಳಗಿನದರಲ್ಲಿ ಗುಣ ಕಾಣದಿದ್ದರೆ ಮಾತ್ರ ಮೇಲಿನದಕ್ಕೆ ಹಣ. ಇದಕ್ಕೆ ಮೆಟ್ಟಿಲು ಚಿಕಿತ್ಸೆ ಎಂದು ಹೆಸರು. "ಮೊದಲು ಸೋತು ಬಾ" ಎಂಬ ನಿಯಮವೆಂದು ಅಲ್ಲಿಯ ಜನ ಬೇಸರದಿಂದ ಕರೆಯುವುದೂ ಉಂಟು.

ಈ ನಿಯಮದಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳಲಾರೆವು. ಒಮೆಪ್ರಜೋಲಿನಿಂದಲೇ ಗುಣವಾಗುವ ಉರಿಗೆ ಹತ್ತಾರು ಪಟ್ಟು ಬೆಲೆಯ ಹೊಸ ಮದ್ದೇಕೆ? ಒಳ್ಳೆಯ ವೈದ್ಯರೂ ಸಾಮಾನ್ಯವಾಗಿ ಹಾಗೆಯೇ ಮಾಡುತ್ತಾರೆ. ಅನ್ಯಾಯವಾಗುವುದು ಎಲ್ಲಿ ಎಂದರೆ, ರೋಗಿಯನ್ನು ನೋಡಿದ ವೈದ್ಯರ ಕೈಯಿಂದ ತೀರ್ಮಾನವು ರೋಗಿಯನ್ನು ನೋಡದ ಕಚೇರಿಯ ಕೈಗೆ ಹೋದಾಗ. ಒಬ್ಬಾಕೆ ಹಿಂದೆ ಬೇರೆ ಕಂಪನಿಯ ವಿಮೆಯಲ್ಲಿದ್ದಾಗಲೇ ಅಗ್ಗದ ಮದ್ದನ್ನು ನುಂಗಿ ಸೋತಿರುತ್ತಾಳೆ. ಕೆಲಸ ಬದಲಾಗಿ ವಿಮೆಯೂ ಬದಲಾದರೆ ಹೊಸ ಕಂಪನಿ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತು ಎನ್ನುತ್ತದೆ. ಅನ್ನನಾಳದಲ್ಲಿ ಗಾಯವಾಗಿರುವವರಿಗೆ ಆ ವಾರಗಳು ಬರಿಯ ವಾರಗಳಲ್ಲ.

ಈ ಕಾರಣದಿಂದ ಅಲ್ಲಿನ 30ಕ್ಕೂ ಹೆಚ್ಚು ರಾಜ್ಯಗಳು ಕಾನೂನು ಮಾಡಿವೆ. ನ್ಯೂಯಾರ್ಕ್ ರಾಜ್ಯದ ಕಾನೂನಿಗೆ 2016ರ ಕೊನೆಯಲ್ಲಿ ಅಂಕಿತ ಬಿತ್ತು. ಕೆಳಗಿನ ಮದ್ದನ್ನು ಮೊದಲೇ ಪ್ರಯತ್ನಿಸಿ ಗುಣವಾಗಿಲ್ಲ, ಅಥವಾ ಅದರಿಂದ ಕೆಡುಕಾಗುತ್ತದೆ, ಅಥವಾ ಈಗಿನ ಮದ್ದಿನಿಂದಲೇ ರೋಗಿ ಸುಸ್ಥಿತಿಯಲ್ಲಿದ್ದಾರೆ ಎಂದು ವೈದ್ಯರು ಆಧಾರಸಹಿತ ಬರೆದುಕೊಟ್ಟರೆ ವಿಮಾ ಕಂಪನಿ ವಿನಾಯಿತಿ ಕೊಡಬೇಕು. ಉತ್ತರಕ್ಕೆ 72 ಗಂಟೆಯ ಗಡುವು, ತುರ್ತಾಗಿದ್ದರೆ 24 ಗಂಟೆ. ಆದರೆ ದೊಡ್ಡ ಉದ್ಯೋಗದಾತರು ತಮ್ಮ ಹಣದಿಂದಲೇ ನಡೆಸುವ ವಿಮೆಗಳಿಗೆ ರಾಜ್ಯದ ಇಂಥ ಕಾನೂನುಗಳು ತಗಲುವುದಿಲ್ಲ. ಕಂಪನಿ ಕೆಲಸದಲ್ಲಿರುವ ನಮ್ಮ ಮಕ್ಕಳಲ್ಲಿ ಅನೇಕರ ವಿಮೆ ಈ ಬಗೆಯದೇ ಆಗಿರಬಹುದು. ಅವರು ವೈದ್ಯರ ಮೂಲಕ ಕಂಪನಿಗೇ ಮೇಲ್ಮನವಿ ಸಲ್ಲಿಸಬೇಕು.

ಆದುದರಿಂದ ಮಗಳಿಗೆ ತಂದೆ ಹೇಳಬೇಕಾದ ಮಾತು ಇಷ್ಟೇ: "ಹಿಂದೆ ಯಾವ ಮದ್ದನ್ನು ಎಷ್ಟು ದಿನ ನುಂಗಿದೆ, ಏನಾಯಿತು ಎಂಬುದನ್ನೆಲ್ಲ ದಿನಾಂಕಸಹಿತ ಬರೆದು ನಿನ್ನ ವೈದ್ಯರ ಕೈಗೆ ಕೊಡವ್ವ, ವಿನಾಯಿತಿ ಕೇಳಲು ಹೇಳು." ಅಲ್ಲಿ ಮೆಟ್ಟಿಲು ಹತ್ತಿಸುವುದು ಕಾಗದ. ಊರಿನಿಂದ ಹೋಗುವಾಗ ಇಲ್ಲಿಯ ಚೀಟಿಗಳನ್ನೂ ಎಂಡೋಸ್ಕೋಪಿ ವರದಿಯನ್ನೂ ತೆಗೆದುಕೊಂಡು ಹೋಗಿದ್ದರೆ ಅವೂ ಆಧಾರವಾಗುತ್ತವೆ.

ನಮ್ಮಲ್ಲಿ ಏನಿದೆ?

ನಮ್ಮಲ್ಲಿ ಗುಳಿಗೆಗೆ ಹೀಗೆ ಮೆಟ್ಟಿಲು ಕಟ್ಟಿಸುವ ವಿಮೆ ಸಾಮಾನ್ಯವಾಗಿ ಇಲ್ಲ, ಏಕೆಂದರೆ ಮನೆಯಲ್ಲಿ ನುಂಗುವ ಗುಳಿಗೆಗೆ ನಮ್ಮ ವಿಮೆಗಳಲ್ಲಿ ಹೆಚ್ಚಿನವು ಹಣವನ್ನೇ ಕೊಡುವುದಿಲ್ಲ. ಇಲ್ಲಿ ಮೆಟ್ಟಿಲು ಕಟ್ಟುವುದು ನಮ್ಮ ಜೇಬು. ಹಾಗಿದ್ದರೂ ಬೇರೆ ಬಗೆಯ ಮೆಟ್ಟಿಲುಗಳು ಇವೆ.

ಯಶಸ್ವಿನಿ: ಸಹಕಾರಿಗಳಾದ ನಮಗೆ ಹತ್ತಿರದ್ದು ಯಶಸ್ವಿನಿ ಯೋಜನೆ. 2003ರ ಜೂನ್‌ನಲ್ಲಿ ಜಾರಿಗೆ ಬಂದ ಈ ಯೋಜನೆ, ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಕೊಟ್ಟು ದೊಡ್ಡ ಶಸ್ತ್ರಚಿಕಿತ್ಸೆಗೆ ರಕ್ಷಣೆ ಪಡೆಯುವಂತೆ ಮಾಡಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಲಾಯಿತು. ಸಹಕಾರಿಗಳ ಒತ್ತಾಯದ ಮೇಲೆ ಮತ್ತೆ ಆರಂಭವಾಗಿ 2023ರ ಜನವರಿಯಿಂದ ಚಿಕಿತ್ಸೆ ದೊರೆಯತೊಡಗಿತು. ಮತ್ತೆ ಆರಂಭವಾದಾಗ ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷ ರೂಪಾಯಿವರೆಗೆ ರಕ್ಷಣೆ ಎಂದು ನಿಗದಿಯಾಗಿತ್ತು. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಎದೆಯುರಿಯ ಗುಳಿಗೆಗೆ ಇದರಿಂದ ಹಣವಿಲ್ಲ. ಶಸ್ತ್ರಚಿಕಿತ್ಸೆಯ ಅಗತ್ಯ ಬಿದ್ದರೆ, ಅದು ಯೋಜನೆಯ ಪಟ್ಟಿಯಲ್ಲಿದೆಯೇ, ಆಸ್ಪತ್ರೆ ಯೋಜನೆಗೆ ಸೇರಿದೆಯೇ ಎಂದು ಮೊದಲು ನೋಡಿ, ಆಸ್ಪತ್ರೆಯವರು ಪೂರ್ವಾನುಮತಿ ಪಡೆದ ಮೇಲೆ ಮಾಡಿಸಿಕೊಳ್ಳಬೇಕು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಲ್ಲಿ ಬಂದ ಈ ಯೋಜನೆಯಲ್ಲಿ ಆದ್ಯತಾ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಉಳಿದವರಿಗೆ ನಿಗದಿಯಾದ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಇಲ್ಲಿಯೂ ಮೆಟ್ಟಿಲಿದೆ, ಆದರೆ ಅದು ಮದ್ದಿನದಲ್ಲ, ಆಸ್ಪತ್ರೆಯದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ಶಿಫಾರಸು ಪತ್ರ ಕೊಟ್ಟರೆ ಮಾತ್ರ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಸೌಲಭ್ಯ. ನೇರವಾಗಿ ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಕಾರ್ಡು ತೋರಿಸಿದರೆ ತೊಂದರೆಯಾಗುವುದು ಈ ಕಾರಣದಿಂದ. ತುರ್ತು ಚಿಕಿತ್ಸೆಗಳೆಂದು ಪಟ್ಟಿ ಮಾಡಿರುವವಕ್ಕೆ ಮಾತ್ರ ಶಿಫಾರಸು ಬೇಡ.

ಖಾಸಗಿ ವಿಮೆ: ಹುಣಸೂರಿನ ಸದಸ್ಯರಿಗೆ ಹಣ ಬಾರದಿದ್ದುದು ಏಕೆಂದು ಈಗ ಹೇಳಬಹುದು. ಬರಿಯ ತಪಾಸಣೆಗಾಗಿಯೇ ಆಸ್ಪತ್ರೆಗೆ ಸೇರಿದರೆ ಆ ಖರ್ಚು ಕೊಡುವುದಿಲ್ಲ ಎಂಬುದು ಎಲ್ಲ ಆರೋಗ್ಯ ವಿಮೆಗಳಲ್ಲೂ ಸಾಮಾನ್ಯವಾಗಿ ಇರುವ ನಿಯಮ. ವಿಮಾ ನಿಯಂತ್ರಣ ಪ್ರಾಧಿಕಾರವು ಇಂಥ ಹೊರಗಿಟ್ಟ ಬಾಬುಗಳಿಗೆ ಒಂದೇ ರೀತಿಯ ಒಕ್ಕಣೆಯನ್ನೂ ಕ್ರಮಸಂಖ್ಯೆಯನ್ನೂ ಗೊತ್ತುಮಾಡಿದೆ, ಅದರಲ್ಲಿ ಇದು ನಾಲ್ಕನೆಯದು. ನಿಯಮ ಹೊಸದಾಗಿ ಬಂದುದಲ್ಲ, ಪಾಲಿಸಿಯ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು. ಓದಿ ಹೇಳುವವರು ಇರಲಿಲ್ಲ ಅಷ್ಟೆ. ರಕ್ತವಾಂತಿಯಂಥ ಕಾಯಿಲೆಗೆ ಸೇರಿ, ಚಿಕಿತ್ಸೆಯ ಭಾಗವಾಗಿ ಎಂಡೋಸ್ಕೋಪಿ ಆಗಿದ್ದರೆ ಸಂಗತಿ ಬೇರೆ. ಆಗ ದಾಖಲೆಗಳಲ್ಲಿ ಕಾಯಿಲೆಯೂ ಕೊಟ್ಟ ಚಿಕಿತ್ಸೆಯೂ ಸ್ಪಷ್ಟವಾಗಿ ಬರೆದಿರಬೇಕು.

ಇನ್ನೊಂದು ಎಚ್ಚರಿಕೆ. ಪಾಲಿಸಿ ಮಾಡಿಸುವಾಗ ಈಗಾಗಲೇ ನಿತ್ಯ ಗ್ಯಾಸ್ಟ್ರಿಕ್ ಗುಳಿಗೆ ನುಂಗುತ್ತಿದ್ದರೆ ಅದನ್ನು ಮುಚ್ಚಿಡಬಾರದು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ 36 ತಿಂಗಳು. ಹೇಳಿದರೆ ಈ ಕಾಯುವಿಕೆ ಒಂದೇ ನಷ್ಟ. ಮುಚ್ಚಿಟ್ಟರೆ ಮುಂದೆ ದೊಡ್ಡ ಕ್ಲೇಮು ಬಂದಾಗ ಅದೇ ನೆಪವಾಗುತ್ತದೆ. ಕ್ಲೇಮು ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಗುಳಿಗೆಯ ಖರ್ಚಿನ ವಿಚಾರ. ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯುವಾಗ ಅಲ್ಲಿಂದಲೇ ತೆಗೆದುಕೊಳ್ಳಬಹುದು. ಹೊರಗೆ ಕೊಳ್ಳುವುದಾದರೆ ಜನೌಷಧಿ ಅಂಗಡಿಯಲ್ಲಿ ಅದೇ ಒಮೆಪ್ರಜೋಲ್, ಅದೇ ಪ್ಯಾಂಟೊಪ್ರಜೋಲ್ ಕಂಪನಿ ಹೆಸರಿನ ಗುಳಿಗೆಗಿಂತ ಸಾಮಾನ್ಯವಾಗಿ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತದೆ. ಚೀಟಿಯಲ್ಲಿ ಮದ್ದಿನ ಮೂಲ ಹೆಸರನ್ನು ಬರೆಯುವಂತೆ ವೈದ್ಯರನ್ನು ಕೇಳಿಕೊಳ್ಳುವುದು ತಪ್ಪಲ್ಲ.

ಮೆಟ್ಟಿಲು ಬಿಟ್ಟು ಹೋಗಬೇಕಾದ ಸಂದರ್ಭಗಳು

ಇಲ್ಲಿಯವರೆಗೆ ಮೆಟ್ಟಿಲು ಹತ್ತುವ ಮಾತಾಯಿತು. ಹತ್ತುತ್ತ ಕೂರಬಾರದ ಸಂದರ್ಭಗಳಿವೆ. ನಮ್ಮ ಇಡೀ ಲೇಖನದಲ್ಲಿ ಒಂದು ಭಾಗವನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ಕೋರುತ್ತೇವೆ.

ಹೆಗ್ಗಡದೇವನಕೋಟೆ ಕಡೆಯ ಸದಸ್ಯರೊಬ್ಬರು ಮಂಡಿನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ನುಂಗುತ್ತಿದ್ದರು. ಅದರಿಂದ ಹೊಟ್ಟೆಯುರಿಯಾದಾಗ ಅದಕ್ಕೂ ಅಂಗಡಿಯಿಂದಲೇ ಗುಳಿಗೆ ತಂದರು. ಒಂದು ಹಿಡಿಸದಿದ್ದರೆ ಇನ್ನೊಂದು. ಮಲ ಕಾಡಿಗೆಯಂತೆ ಕಪ್ಪಾಗಿ ಹೋಗುತ್ತಿದ್ದರೂ "ಕಾಯಿಪಲ್ಯದ ಬಣ್ಣವಿರಬೇಕು" ಎಂದುಕೊಂಡರು. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂಬುದು ಅವರ ಲೆಕ್ಕ. ಒಂದು ಬೆಳಿಗ್ಗೆ ತೋಟದಲ್ಲಿಯೇ ತಲೆಸುತ್ತಿ ಬಿದ್ದರು. ಹುಣ್ಣಿನಿಂದ ದಿನಗಟ್ಟಲೆ ರಕ್ತ ಸೋರಿತ್ತು. ರಕ್ತ ಕೊಟ್ಟು ಉಳಿಸಿಕೊಂಡರು. ಅವರನ್ನು ಯಾವ ವಿಮಾ ಕಂಪನಿಯೂ ತಡೆದಿರಲಿಲ್ಲ, ತಾವೇ ಕಟ್ಟಿಕೊಂಡ ಮೆಟ್ಟಿಲುಗಳ ಮೇಲೆ ಕುಳಿತಿದ್ದರು.

ಆದುದರಿಂದ ಈ ಲಕ್ಷಣಗಳಿದ್ದರೆ ಗುಳಿಗೆ ಬದಲಿಸುತ್ತ ಕೂರದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು:

1. ಅನ್ನ ನುಂಗುವಾಗ ಸಿಕ್ಕಿಕೊಂಡಂತಾಗುವುದು ಅಥವಾ ನುಂಗಿದರೆ ನೋವಾಗುವುದು.
2. ರಕ್ತವಾಂತಿ, ಅಥವಾ ಕಾಫಿ ಚರಟದಂಥ ಬಣ್ಣದ ವಾಂತಿ.
3. ಟಾರಿನಂತೆ ಕಪ್ಪಾದ, ಅಂಟುವ ಮಲ.
4. ಕಾರಣವಿಲ್ಲದೆ ಮೈತೂಕ ಇಳಿಯುವುದು, ರಕ್ತಹೀನತೆ, ಬಿಡದ ವಾಂತಿ.
5. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಆರಂಭವಾದ ಉರಿ.
6. ಎಂಟು ವಾರ ಸರಿಯಾಗಿ ಮದ್ದು ತೆಗೆದುಕೊಂಡರೂ ತಗ್ಗದ ಉರಿ.

ಇನ್ನು ಎದೆನೋವಿನ ಜೊತೆ ಬೆವರು, ಉಸಿರು ಕಟ್ಟುವುದು, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಿಳಿದು ಸೋಡ ಕುಡಿದು ಮಲಗಬಾರದು. ಅದು ಹೃದಯದ ನೋವಾಗಿರಬಹುದು. ಆ ಕ್ಷಣವೇ 108ಕ್ಕೆ ಕರೆ ಮಾಡಿ, ಇಲ್ಲವೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಉರಿಯೆಂದು ಗೊತ್ತಾದರೆ ನಗುತ್ತ ಮನೆಗೆ ಬರಬಹುದು.

ಮೊದಲನೆಯ ಲಕ್ಷಣದ ಬಗ್ಗೆ ಅಡಿಕೆ ಬೆಳೆಗಾರರಾದ ನಾವು ಸಂಕೋಚಪಡದೆ ಒಂದು ಮಾತು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಸೇರಿಸಿತು. ಹೊಗೆಸೊಪ್ಪು ಸೇರಿಸಿ ಅಗಿಯುವವರಿಗೂ, ಬರಿಯ ಎಲೆಯಡಿಕೆ ಅಗಿಯುವವರಿಗೂ ಬಾಯಿಯಲ್ಲದೆ ಅನ್ನನಾಳದ ಕ್ಯಾನ್ಸರಿನ ಅಪಾಯವೂ ಇದೆಯೆಂದು ಅದು ಆಮೇಲೆ ತೀರ್ಮಾನಿಸಿದೆ. ಬೆಳೆಯ ಬೆಲೆಯ ಮಾತು ಬೇರೆ, ಬೆಳೆಗಾರನ ಜೀವದ ಮಾತು ಬೇರೆ. ಹಲವು ವರ್ಷ ಎಲೆಯಡಿಕೆ ಹಾಕಿದವರಿಗೆ ನುಂಗುವಾಗ ಅಡ್ಡಿಯಾದರೆ ಒಂದು ವಾರವೂ ತಡಮಾಡಬಾರದು.

ಕಾಗದ ಪತ್ರಗಳು

ಅಮೆರಿಕದಲ್ಲಾಗಲಿ ಹುಣಸೂರಿನಲ್ಲಾಗಲಿ, ಮೇಲಿನ ಮೆಟ್ಟಿಲಿಗೆ ಕರೆದೊಯ್ಯುವುದು ಬರಹದಲ್ಲಿರುವ ಆಧಾರ. ಕಾಫಿ ಸಂಸ್ಕರಣೆಯ ಲೆಕ್ಕಕ್ಕೆ ಪುಸ್ತಕ ಇಡುವ ನಾವು ಮೈಯ ಲೆಕ್ಕಕ್ಕೂ ಒಂದು ನೋಟ್ ಪುಸ್ತಕ ಇಡಬಾರದೇಕೆ? ಅದರಲ್ಲಿ ಮದ್ದಿನ ಹೆಸರು, ಶಕ್ತಿ ಎಷ್ಟು ಮಿಲಿಗ್ರಾಂ, ಆರಂಭಿಸಿದ ಮತ್ತು ನಿಲ್ಲಿಸಿದ ದಿನ, ಗುಣವಾಯಿತೇ ಇಲ್ಲವೇ, ಬೇರೇನಾದರೂ ತೊಂದರೆಯಾಯಿತೇ ಎಂಬ ಐದು ಕಲಮುಗಳು ಸಾಕು. ನೋವಿನ ಗುಳಿಗೆ, ರಕ್ತದೊತ್ತಡದ ಗುಳಿಗೆಗಳನ್ನೂ ಬರೆಯಿರಿ, ಏಕೆಂದರೆ ಅವುಗಳಲ್ಲಿ ಕೆಲವು ಎದೆಯುರಿಯನ್ನು ಹೆಚ್ಚಿಸುತ್ತವೆ. ಹೃದಯದ ತೊಂದರೆಯಿರುವವರು ಡೊಂಪೆರಿಡೋನ್ ಸೇರಿದ ಗ್ಯಾಸ್ಟ್ರಿಕ್ ಗುಳಿಗೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ವೈದ್ಯರ ಚೀಟಿ, ಬಿಲ್ಲು, ಎಂಡೋಸ್ಕೋಪಿ ವರದಿ, ಆಸ್ಪತ್ರೆಯಿಂದ ಬಿಡುಗಡೆಯ ಪತ್ರ, ಶಿಫಾರಸು ಪತ್ರಗಳನ್ನು ಒಂದೇ ಚೀಲದಲ್ಲಿ ಇಡಿ. ಹೆಲಿಕೋಬ್ಯಾಕ್ಟರ್ ಪರೀಕ್ಷೆಗೆ ಹೋಗುವುದಿದ್ದರೆ ಪಂಪ್ ತಡೆಯುವ ಗುಳಿಗೆಯನ್ನು ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ಅದನ್ನೂ ಕೇಳಿಕೊಳ್ಳಿ.

ಮೊದಲ ಮೆಟ್ಟಿಲಿಗೂ ಮೊದಲು

ಯಾವ ವಿಮೆಯೂ ತಡೆಯಲಾರದ, ಯಾವ ಅಂಗಡಿಯೂ ಮಾರಲಾರದ ಒಂದು ಮೆಟ್ಟಿಲು ನಮ್ಮ ಮನೆಯಲ್ಲೇ ಇದೆ. ರಾತ್ರಿ ಮುದ್ದೆ ಉಂಡು ಕೈತೊಳೆದ ಕೂಡಲೇ ಮಲಗಬಾರದು. ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆಯಾದರೂ ಇರಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಆರು ಅಂಗುಲದಷ್ಟು ಇಟ್ಟಿಗೆ ಕೊಟ್ಟು ಎತ್ತರಿಸಿ. ಎರಡು ದಿಂಬು ಇಟ್ಟುಕೊಂಡರೆ ಕತ್ತು ಬಗ್ಗುತ್ತದೆಯೇ ಹೊರತು ಎದೆ ಎತ್ತರವಾಗುವುದಿಲ್ಲ. ಎಡಮಗ್ಗುಲಾಗಿ ಮಲಗುವುದು ಒಳ್ಳೆಯದು. ಹೊಟ್ಟೆ ಬಂದಿದ್ದರೆ ತೂಕ ಇಳಿಸಬೇಕು. ಬೀಡಿ, ಹೊಗೆಸೊಪ್ಪು, ಹೆಂಡ ತೂಬಿನ ಬಾಗಿಲನ್ನು ಸಡಿಲಗೊಳಿಸುತ್ತವೆ, ಬಿಡುವುದೇ ಮದ್ದು. ಕಾಫಿಯ ವಿಚಾರ ಕೇಳುವಿರಿ. ಕಾಫಿ ಎಲ್ಲರಿಗೂ ಉರಿ ತರುವುದಿಲ್ಲ. ತರುವವರಿಗೆ ಬರಿಹೊಟ್ಟೆಯ ಕಾಫಿಯಿಂದ ಹೆಚ್ಚು ತೊಂದರೆ. ಎರಡು ವಾರ ಬಿಟ್ಟು ನೋಡಿದರೆ ತಮ್ಮ ಸಂಗತಿ ತಮಗೇ ತಿಳಿಯುತ್ತದೆ.

ಕೊನೆಯದಾಗಿ ಹೇಳುವುದಿಷ್ಟು. ಅಗ್ಗದ ಮದ್ದಿನಿಂದ ಆರಂಭಿಸಿ ಬೇಕಾದರೆ ಮೇಲಕ್ಕೆ ಹೋಗುವುದು ಒಳ್ಳೆಯ ಕ್ರಮವೇ. ಆದರೆ ಯಾವ ಮೆಟ್ಟಿಲಿನಲ್ಲಿ ಎಷ್ಟು ದಿನ ನಿಲ್ಲಬೇಕೆಂಬುದನ್ನು ವಿಮೆಯ ಕಚೇರಿಯೂ ಹೇಳಬಾರದು, ಮೆಡಿಕಲ್ ಅಂಗಡಿಯ ಹುಡುಗನೂ ಹೇಳಬಾರದು, ಕೊಯ್ಲಿನ ಅವಸರವೂ ಹೇಳಬಾರದು. ಮೈಯನ್ನು ಪರೀಕ್ಷಿಸಿದ ವೈದ್ಯರು ಹೇಳಬೇಕು, ನಾವು ಕಾಗದ ಇಟ್ಟುಕೊಂಡು ಅವರಿಗೆ ಸಹಾಯ ಮಾಡಬೇಕು. ಯಶಸ್ವಿನಿ ನೋಂದಣಿಯ ದಿನಾಂಕಗಳು ಪ್ರಕಟವಾದ ಕೂಡಲೇ ಸದಸ್ಯರು ಪಡಿತರ ಚೀಟಿ ಮತ್ತು ಆಧಾರ್ ಪ್ರತಿಯೊಡನೆ ಸಂಘದ ಕಚೇರಿಗೆ ಬರಬೇಕೆಂದೂ, ವಿಮೆಯ ಪತ್ರ ಓದಿ ತಿಳಿಯಲಾಗದಿದ್ದರೆ ಅದನ್ನೂ ತರಲು ಸಂಕೋಚಪಡಬಾರದೆಂದೂ ಕೇಳಿಕೊಳ್ಳುತ್ತೇವೆ. ಒಟ್ಟಿಗೆ ಕುಳಿತು ಓದೋಣ.